ಮೂವತ್ತು ವರ್ಷ ಕಾದ ಸಂಕಲ್ಪ: ಆಚಾರ್ಯ ಶಾಂತಿಸಾಗರ ಮಹಾರಾಜರ ಜೀವನ

ತುಮಕೂರಿನ ಕ್ಯಾತ್ಸಂದ್ರದಿಂದ ಸ್ವಲ್ಪ ದೂರದಲ್ಲಿರುವ ಪಂಡಿತನಹಳ್ಳಿಯ ಮಂದರಗಿರಿಗೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಬೆಟ್ಟದ ಮೇಲಿನ ಪ್ರಾಚೀನ ಬಸದಿಗಳಲ್ಲ, ಬುಡದಲ್ಲಿ ಎದ್ದು ನಿಂತಿರುವ ಪಿಂಛಿಯ ಆಕಾರದ ಗುರುಮಂದಿರ. 81 ಅಡಿ ಎತ್ತರದ ಈ ಮಂದಿರವನ್ನು ನವಿಲುಗರಿಯ ಪಿಂಛಿಯನ್ನು ನೆಟ್ಟಗೆ ನಿಲ್ಲಿಸಿದಂತೆ ಕಟ್ಟಲಾಗಿದೆ. ಬೆಂಗಳೂರು, ತುಮಕೂರು, ಗುಬ್ಬಿ, ಕುಣಿಗಲ್ ಕಡೆಗಳಿಂದ ಭಾನುವಾರ ಬರುವ ಕುಟುಂಬಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ನಾಲ್ಕು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಬಸದಿಗಳ ದರ್ಶನ ಮಾಡಿ, ಮೈದಾಳ ಕೆರೆಯ ನೋಟ ಕಂಡು ಇಳಿಯುತ್ತಾರೆ. ಗುರುಮಂದಿರ ಯಾರದೆಂದು ಮಕ್ಕಳು ಕೇಳಿದರೆ ಶಾಂತಿಸಾಗರ ಮಹಾರಾಜರದು ಎಂದು ಹೇಳುತ್ತೇವೆ. ಅವರು ಯಾರು, ಏನು ಮಾಡಿದರು ಎಂಬ ಮುಂದಿನ ಪ್ರಶ್ನೆಗೆ ನಮ್ಮಲ್ಲಿ ಅನೇಕರ ಉತ್ತರ ಅಲ್ಲಿಗೇ ನಿಲ್ಲುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ತುಂಬಿದ ಚಾರಿತ್ರ ಚಕ್ರವರ್ತಿ, ಪರಮಪೂಜ್ಯ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು ನಮ್ಮ ನಾಡಿನವರು, ಕನ್ನಡದ ಮನೆಯಲ್ಲಿ ಬೆಳೆದವರು. ಅವರ ಜೀವನವನ್ನು ಪವಾಡಗಳ ಸಾಲಾಗಿ ಹೇಳುವವರು ಬಹಳ ಜನ. ಗೃಹಸ್ಥರಾದ ನಮಗೆ ಹೆಚ್ಚು ಉಪಯೋಗವಾಗುವ ಸಂಗತಿ ಬೇರೆ ಇದೆ. ಹದಿನೆಂಟನೆಯ ವಯಸ್ಸಿನಲ್ಲಿ ಮನಸ್ಸಿನಲ್ಲಿ ಮೂಡಿದ ಒಂದು ಗುರಿಯನ್ನು ತಲುಪಲು ಅವರಿಗೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಆ ಮೂವತ್ತು ವರ್ಷ ಅವರು ಹೇಗೆ ನಡೆದುಕೊಂಡರು ಎಂಬುದರಲ್ಲೇ ಈ ಜೀವನದ ಪಾಠವಿದೆ.

ಭೋಜದ ಪಾಟೀಲರ ಮನೆ

ಬೆಳಗಾವಿ ಜಿಲ್ಲೆಯ ಭೋಜ, ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಕಡೆಯ ಊರು. ಅಲ್ಲಿನ ಭೀಮಗೌಡ ಪಾಟೀಲ ಮತ್ತು ಸತ್ಯವತಿ ದಂಪತಿಗಳ ಮಗನಾಗಿ 1872ರಲ್ಲಿ ಸಾತಗೌಡ ಹುಟ್ಟಿದರು. ಜನನವಾದದ್ದು ತಾಯಿಯ ತವರಾದ ಹತ್ತಿರದ ಯಳಗುಡದಲ್ಲಿ. ಮನೆತನ ಕೃಷಿಯದು, ಊರ ಗೌಡಿಕೆಯದು. ಹೊಲ, ಮನೆ, ಬಂಧುಬಳಗ ಯಾವುದಕ್ಕೂ ಕೊರತೆ ಇರಲಿಲ್ಲ.

ಅಂದಿನ ಪದ್ಧತಿಯಂತೆ ಒಂಬತ್ತನೆಯ ವಯಸ್ಸಿಗೇ ಸಾತಗೌಡರ ಮದುವೆ ನಡೆಯಿತು. ಕೆಲವೇ ತಿಂಗಳಲ್ಲಿ ಆ ಪುಟ್ಟ ಹುಡುಗಿ ತೀರಿಕೊಂಡಳು. ಮದುವೆ ಎಂದರೇನು ಎಂದು ಇಬ್ಬರಿಗೂ ತಿಳಿಯುವ ಮೊದಲೇ ಅದು ಮುಗಿದುಹೋಯಿತು. ಮುಂದೆ ಮನೆಯವರು ಎಷ್ಟು ಹೇಳಿದರೂ ಅವರು ಮತ್ತೊಂದು ಮದುವೆಗೆ ಒಪ್ಪಲಿಲ್ಲ.

ಶಾಲೆಯ ಓದು ಹೆಚ್ಚಿರಲಿಲ್ಲ. ಮೈಕಟ್ಟು ಮಾತ್ರ ಗಟ್ಟಿಮುಟ್ಟು. ಹೊಲದಲ್ಲಿ ದುಡಿಯುತ್ತಿದ್ದರು, ಮನೆಯ ಬಟ್ಟೆ ಅಂಗಡಿಯಲ್ಲೂ ಕುಳಿತುಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಅವರ ಗಮನ ವ್ಯಾಪಾರಕ್ಕಿಂತ ಶಾಸ್ತ್ರ ಓದುವುದರ ಕಡೆಗೇ ಇರುತ್ತಿತ್ತಂತೆ. ಬೇಕಾದ ಬಟ್ಟೆಯನ್ನು ಗಿರಾಕಿಗಳೇ ಅಳೆದುಕೊಂಡು ಲೆಕ್ಕ ಬರೆದಿಟ್ಟು ಹೋಗುತ್ತಿದ್ದರು ಎಂದು ಊರವರು ನೆನೆಯುತ್ತಿದ್ದರು. ಹೊಲದ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರಿಡುತ್ತಿದ್ದ ಸಂಗತಿಯೂ ಭೋಜದ ನೆನಪುಗಳಲ್ಲಿ ಸೇರಿದೆ.

ಆ ಕಾಲದಲ್ಲಿ ದಕ್ಷಿಣದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಮುನಿಗಳು ಉಳಿದಿದ್ದರು. ಅವರಲ್ಲಿ ಒಬ್ಬರಾದ ಆದಿಸಾಗರ ಮಹಾರಾಜರು ಭೋಜಕ್ಕೆ ಬಂದಾಗ ಸಾತಗೌಡರು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ನದಿ ದಾಟಿಸುತ್ತಿದ್ದರು. ಮುನಿಗಳ ಸೇವೆ ಮಾಡುತ್ತಿದ್ದ ಆ ಯುವಕನಲ್ಲಿ ತಾನೂ ಮುನಿಯಾಗಬೇಕೆಂಬ ಆಸೆ ಹುಟ್ಟಿತು. ಆಗ ವಯಸ್ಸು ಹದಿನೆಂಟರ ಆಸುಪಾಸು.

ಮನೆಯಲ್ಲಿದ್ದುಕೊಂಡೇ ತಯಾರಿ

ಮಗನ ಮನಸ್ಸು ತಿಳಿದ ತಂದೆತಾಯಿ ಒಂದು ಮಾತು ಕೇಳಿಕೊಂಡರು. ತಾವು ಬದುಕಿರುವವರೆಗೆ ಮನೆ ಬಿಟ್ಟು ಹೋಗಬಾರದು, ಮನೆಯಲ್ಲಿದ್ದೇ ಧರ್ಮಸಾಧನೆ ಮಾಡಬೇಕು ಎಂಬುದು ಅವರ ಬೇಡಿಕೆ. ಸಾತಗೌಡರು ಒಪ್ಪಿಕೊಂಡರು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು. ಕೆಲವರು ತಂದೆತಾಯಿಯ ಮಾತು ಮೀರಿ ಹೊರಟುಬಿಡುತ್ತಾರೆ. ಹೆಚ್ಚಿನವರು ಆ ಮಾತನ್ನೇ ನೆಪ ಮಾಡಿಕೊಂಡು ಗುರಿಯನ್ನು ಮರೆತುಬಿಡುತ್ತಾರೆ. ವರ್ಷಗಳು ಕಳೆದ ಮೇಲೆ ಪರಿಸ್ಥಿತಿ ಅನುಕೂಲವಾಗಿರಲಿಲ್ಲ ಎಂದು ಹೇಳಿಕೊಳ್ಳುತ್ತಾರೆ. ಸಾತಗೌಡರು ಎರಡನ್ನೂ ಮಾಡಲಿಲ್ಲ. ಹೊರಡಲು ಸಾಧ್ಯವಿಲ್ಲದಿದ್ದರೂ ತಯಾರಾಗಲು ಅಡ್ಡಿ ಇಲ್ಲವಲ್ಲ ಎಂಬಂತೆ ಮನೆಯೊಳಗೇ ಒಂದೊಂದು ನಿಯಮ ಹಿಡಿಯುತ್ತ ಹೋದರು. ಮೊದಲು ಬ್ರಹ್ಮಚರ್ಯ. ಆಮೇಲೆ ಸ್ವಾಧ್ಯಾಯ, ಸಾಮಾಯಿಕ, ಪರ್ವದ ದಿನಗಳ ಉಪವಾಸ.

ಮೂವತ್ತೆರಡನೆಯ ವಯಸ್ಸಿನ ಹೊತ್ತಿಗೆ ಅವರು ಸಮ್ಮೇದ ಶಿಖರಜಿಯ ಯಾತ್ರೆ ಮಾಡಿದರು. ಬೆಟ್ಟ ಹತ್ತಲಾರದೆ ಕುಳಿತಿದ್ದ ವೃದ್ಧೆಯೊಬ್ಬರನ್ನು ತಾವೇ ಹೊತ್ತುಕೊಂಡು ದರ್ಶನ ಮಾಡಿಸಿದ್ದು ಆ ಯಾತ್ರೆಯಲ್ಲೇ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇಪ್ಪತ್ತು ತೀರ್ಥಂಕರರು ಮೋಕ್ಷಕ್ಕೆ ಹೋದ ಆ ಕ್ಷೇತ್ರದಲ್ಲಿ ಜೀವನಪೂರ್ತಿ ತುಪ್ಪ, ಎಣ್ಣೆ ಮುಟ್ಟುವುದಿಲ್ಲ ಎಂಬ ವ್ರತ ತೆಗೆದುಕೊಂಡರು. ಊರಿಗೆ ಮರಳಿದ ಮೇಲೆ ದಿನಕ್ಕೆ ಒಂದೇ ಊಟ ಎಂಬ ನಿಯಮವೂ ಸೇರಿತು. ಹೊಲದಲ್ಲಿ ದುಡಿಯುವ ಗಟ್ಟಿ ಆಳಿಗೆ ಇದು ಸಣ್ಣ ಮಾತಲ್ಲ. ಹಬ್ಬದ ಅಡುಗೆ, ಮದುವೆಯ ಊಟ, ನೆಂಟರ ಒತ್ತಾಯ ಎಲ್ಲವೂ ಇರುವ ಮನೆಯಲ್ಲೇ ಈ ವ್ರತಗಳನ್ನು ಅವರು ವರ್ಷಗಟ್ಟಲೆ ಪಾಲಿಸಿದರು.

1912ರ ಹೊತ್ತಿಗೆ ತಂದೆತಾಯಿ ಇಬ್ಬರೂ ಇಲ್ಲವಾದರು. ಕೊಟ್ಟ ಮಾತು ಪೂರ್ತಿಯಾಯಿತು. ಆಗ ಅವರಿಗೆ ನಲವತ್ತು ವರ್ಷ. ಊರಿನ ಲೆಕ್ಕದಲ್ಲಿ ಬದುಕು ಒಂದು ದಡ ಸೇರಿ ನೆಮ್ಮದಿಯಾಗಿ ಕೂರುವ ವಯಸ್ಸು. ಸಾತಗೌಡರ ನಿಜವಾದ ಪ್ರಯಾಣ ಶುರುವಾದದ್ದು ಅಲ್ಲಿಂದ.

ಒಂದೊಂದೇ ಮೆಟ್ಟಿಲು

ಮನೆ ಬಿಡಲು ಅಡ್ಡಿ ಇಲ್ಲವಾದ ಮೇಲೂ ಅವರು ಒಂದೇ ಸಲಕ್ಕೆ ಮುನಿಯಾಗಲಿಲ್ಲ. ಶ್ರಾವಕನ ಪ್ರತಿಮೆಗಳಿಂದ ಮುನಿಪದವರೆಗೆ ಜಿನಾಗಮ ಮೆಟ್ಟಿಲುಗಳನ್ನು ಹಾಕಿಕೊಟ್ಟಿದೆ. ಆ ಕ್ರಮದಲ್ಲೇ ಅವರು ನಡೆದರು. ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮಹಾರಾಜರ ಬಳಿ ಕ್ಷುಲ್ಲಕ ದೀಕ್ಷೆಯಾಯಿತು. ಸಾತಗೌಡ ಪಾಟೀಲರು ಶಾಂತಿಸಾಗರರಾದರು. ಮುಂದೆ ಗಿರನಾರ ಯಾತ್ರೆಗೆ ಹೋದಾಗ ನೇಮಿನಾಥ ಸ್ವಾಮಿಯ ಸನ್ನಿಧಿಯಲ್ಲಿ ಮೇಲುಹೊದಿಕೆಯನ್ನೂ ಬಿಟ್ಟು, ಕೌಪೀನವೊಂದನ್ನೇ ಉಳಿಸಿಕೊಂಡು ಐಲಕರಾದರು. ಆ ಯಾತ್ರೆಯಿಂದ ಮರಳುವಾಗಲೇ ಇನ್ನು ಮುಂದೆ ಯಾವ ವಾಹನವನ್ನೂ ಏರುವುದಿಲ್ಲ ಎಂದು ನಿಶ್ಚಯಿಸಿದರು.

1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ದೇವೇಂದ್ರಕೀರ್ತಿ ಮಹಾರಾಜರೇ ಅವರಿಗೆ ನಿರ್ಗ್ರಂಥ ಮುನಿದೀಕ್ಷೆ ನೀಡಿದರು. ಹದಿನೆಂಟರ ಆಸೆ ನಲವತ್ತೆಂಟರ ಹೊತ್ತಿಗೆ ಈಡೇರಿತು. ಐದು ಮಹಾವ್ರತ, ಐದು ಸಮಿತಿ, ಐದು ಇಂದ್ರಿಯ ನಿಗ್ರಹ, ಆರು ಆವಶ್ಯಕ, ಕೇಶಲೋಚ ಮೊದಲಾದ ಏಳು ಗುಣ ಸೇರಿ ಇಪ್ಪತ್ತೆಂಟು ಮೂಲಗುಣಗಳ ಪಾಲನೆ ಅಂದಿನಿಂದ ಅವರ ಬದುಕಾಯಿತು. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಆಹಾರ ಸ್ವೀಕರಿಸುವುದು ಮುನಿಗಳ ಮೂಲಗುಣಗಳಲ್ಲಿ ಸೇರಿದೆ. ಹದಿನೈದು ವರ್ಷಗಳಿಂದ ಒಂದೇ ಹೊತ್ತು ಉಣ್ಣುತ್ತಿದ್ದವರಿಗೆ ಅದು ಹೊಸದಾಗಿರಲಿಲ್ಲ. ಮನೆಯಲ್ಲಿ ಕಾದ ವರ್ಷಗಳು ವ್ಯರ್ಥವಾಗಿರಲಿಲ್ಲ ಎಂಬುದು ಇಲ್ಲಿ ಕಾಣುತ್ತದೆ.

ಹಸಿವಿನಿಂದ ಕಲಿಸಿದ ಪಾಠ

ಗುರಿ ಮುಟ್ಟಿದೆವು ಎಂದುಕೊಂಡ ಕಡೆಯಲ್ಲೇ ಹೊಸ ಕಷ್ಟ ಕಾದಿತ್ತು. ಶತಮಾನಗಳ ರಾಜಕೀಯ ಏರುಪೇರುಗಳಲ್ಲಿ ಮುನಿಚರ್ಯೆ ಸಡಿಲವಾಗಿತ್ತು. ಮುನಿಗಳು ಊರೊಳಗೆ ಬರುವಾಗ ಬಟ್ಟೆ ಹೊದ್ದು ಬರುವುದು, ಬಸದಿಯ ಉಪಾಧ್ಯೆ ಮೊದಲೇ ಗೊತ್ತು ಮಾಡಿದ ಮನೆಗೆ ಆಹಾರಕ್ಕೆ ಹೋಗುವುದು ರೂಢಿಯಾಗಿತ್ತು. ಶಾಸ್ತ್ರ ಹೇಳುವುದು ಬೇರೆ. ಮುನಿ ಮನಸ್ಸಿನಲ್ಲೇ ಒಂದು ಅಭಿಗ್ರಹ ಮಾಡಿಕೊಂಡು ಹೊರಡಬೇಕು. ಶ್ರಾವಕರು ತಮ್ಮ ಮನೆಯ ಬಾಗಿಲಲ್ಲಿ ಶುದ್ಧಿಯಿಂದ ನಿಂತು ವಿಧಿಪೂರ್ವಕ ಬರಮಾಡಿಕೊಳ್ಳಬೇಕು. ವಿಧಿ ಕೂಡಿದರೆ ಆಹಾರ, ಇಲ್ಲದಿದ್ದರೆ ಉಪವಾಸ.

ಶಾಂತಿಸಾಗರರು ಕ್ಷುಲ್ಲಕರಾಗಿದ್ದಾಗಿನಿಂದಲೇ ಶಾಸ್ತ್ರದ ದಾರಿ ಹಿಡಿದರು. ಆದರೆ ಊರವರಿಗೆ ಆ ವಿಧಿಯೇ ಮರೆತುಹೋಗಿತ್ತು. ಬರಮಾಡಿಕೊಳ್ಳುವವರಿಲ್ಲದೆ ಅವರು ಸುಮ್ಮನೆ ಮರಳಿದ ದಿನಗಳು ಎಷ್ಟೋ. ಯಾರನ್ನೂ ದೂರಲಿಲ್ಲ, ರೂಢಿಯಲ್ಲಿದ್ದವರೊಂದಿಗೆ ಜಗಳ ಕಾಯಲಿಲ್ಲ. ಮಹಾರಾಜರು ಉಪವಾಸವಿರುವುದು ತಮ್ಮ ಅರಿವಿಲ್ಲದಿಕೆಯಿಂದ ಎಂದು ತಿಳಿದಾಗ ಜನರೇ ಹಿರಿಯರನ್ನು, ಶಾಸ್ತ್ರಗಳನ್ನು ಕೇಳಿ ಕಲಿತುಕೊಂಡರು. ಇಂದು ನಮ್ಮೂರಿಗೆ ಮುನಿಸಂಘ ಬಂದಾಗ ಮನೆಮನೆಯ ಮುಂದೆ ಕಲಶ ಹಿಡಿದು ಸಾಲಾಗಿ ನಿಲ್ಲುತ್ತೇವಲ್ಲ, ಆ ಪದ್ಧತಿ ಮತ್ತೆ ನೆಲೆಗೊಂಡುದರ ಹಿಂದೆ ಅವರ ಆ ಹಸಿವಿದೆ.

ಕೊಣ್ಣೂರಿನ ಗುಹೆಯಲ್ಲಿ ಧ್ಯಾನದಲ್ಲಿದ್ದಾಗ ಹಾವು ಮೈಮೇಲೆ ಹರಿದಾಡಿದರೂ ಅಲುಗದೆ ಕುಳಿತರೆಂಬ ಪ್ರಸಂಗವನ್ನು ಭಕ್ತರು ಇಂದಿಗೂ ಹೇಳುತ್ತಾರೆ. ಇರುವೆಗಳು ಕಚ್ಚಿದ ಕಥೆಯೂ ಉಂಟು. ಅವರ ಸ್ಥಿರತೆ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿದಿತ್ತು ಎಂಬುದಕ್ಕೆ ಈ ಕಥೆಗಳೇ ಸಾಕ್ಷಿ.

ಒಬ್ಬರ ಗುರಿ ಸಂಘದ ಗುರಿಯಾಯಿತು

1924ರಲ್ಲಿ ಸಾಂಗಲಿ ಬಳಿಯ ಸಮಡೋಳಿಯಲ್ಲಿ ಚತುರ್ವಿಧ ಸಂಘ ಅವರಿಗೆ ಆಚಾರ್ಯ ಪದವಿ ನೀಡಿತು. ವೀರಸಾಗರ, ನೇಮಿಸಾಗರ ಮೊದಲಾದವರು ಅವರ ಶಿಷ್ಯರಾದರು. ತಮ್ಮ ಆತ್ಮಕಲ್ಯಾಣಕ್ಕೆಂದು ಮನೆ ಬಿಟ್ಟವರ ಮೇಲೆ ಈಗ ಇತರರ ಹೊಣೆಯೂ ಬಿತ್ತು. ಮುಂದೆ ಅವರ ಒಡಹುಟ್ಟಿದ ಅಣ್ಣ ದೇವಗೌಡರೇ ದೀಕ್ಷೆ ಪಡೆದು ವರ್ಧಮಾನಸಾಗರ ಮುನಿಗಳಾದರು. ಮನೆಯಲ್ಲಿ ಕಿರಿಯನಾಗಿದ್ದವರು ಮಾರ್ಗದಲ್ಲಿ ಹಿರಿಯರಾದರು.

1925ರಲ್ಲಿ ಮಹಾರಾಜರು ಶ್ರವಣಬೆಳಗೊಳಕ್ಕೆ ಬಂದರು. ಆ ವರ್ಷ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆದಿತ್ತು. ಆ ಆಗಮನಕ್ಕೆ 2025ರಲ್ಲಿ ನೂರು ವರ್ಷ ತುಂಬಿದ್ದನ್ನು ಕ್ಷೇತ್ರದಲ್ಲಿ ಸ್ಮರಿಸಲಾಯಿತು.

1927ರ ಚಾತುರ್ಮಾಸ ಕುಂಭೋಜದ ಬಾಹುಬಲಿ ಬೆಟ್ಟದಲ್ಲಾಯಿತು. ಅದು ಮುಗಿದ ಮೇಲೆ ಸಂಘ ಕಾಲ್ನಡಿಗೆಯಲ್ಲಿ ಸಮ್ಮೇದ ಶಿಖರಜಿಯತ್ತ ಹೊರಟಿತು. ಮುಂಬಯಿಯ ಜವೇರಿ ಕುಟುಂಬ ಸಂಘದ ಪ್ರಯಾಣದ ವ್ಯವಸ್ಥೆ ನೋಡಿಕೊಂಡಿತು. ಹಿಂದೊಮ್ಮೆ ಗೃಹಸ್ಥನಾಗಿ ತುಪ್ಪ, ಎಣ್ಣೆ ಬಿಟ್ಟು ಬಂದ ಕ್ಷೇತ್ರಕ್ಕೆ 1928ರಲ್ಲಿ ಮುನಿಸಂಘದ ಆಚಾರ್ಯರಾಗಿ ನಡೆದೇ ತಲುಪಿದರು. ಉತ್ತರ ಭಾರತದ ಹಲವು ಊರುಗಳ ಜನ ತಮ್ಮ ಜೀವಮಾನದಲ್ಲಿ ದಿಗಂಬರ ಮುನಿಯನ್ನು ಕಂಡದ್ದು ಅದೇ ಮೊದಲು. ಅವರಿಗೆ ಮುನಿ ಎಂದರೆ ಗ್ರಂಥದಲ್ಲಿನ ವರ್ಣನೆ ಮಾತ್ರ ಆಗಿತ್ತು.

ಅಲ್ಲಿಂದ ಮುಂದೆ ಕಟನಿ, ಲಲಿತಪುರ, ಮಥುರಾ, ದೆಹಲಿ, ಜಯಪುರಗಳಲ್ಲಿ ಒಂದೊಂದು ಚಾತುರ್ಮಾಸ. ಭೋಜದ ಹೊಲದಲ್ಲಿ ಕನ್ನಡದಲ್ಲೇ ಬದುಕಿದ್ದವರು ಹಿಂದಿ ನಾಡಿನ ಪಂಡಿತರೊಂದಿಗೆ ಶಾಸ್ತ್ರಚರ್ಚೆ ಮಾಡಬೇಕಾಯಿತು. ಶಾಲೆಯ ಓದು ಕೊಡದಿದ್ದುದನ್ನು ದಿನನಿತ್ಯದ ಸ್ವಾಧ್ಯಾಯ ಕೊಟ್ಟಿತ್ತು.

ದಾರಿ ಎಲ್ಲ ಕಡೆ ಸುಗಮವಾಗಿರಲಿಲ್ಲ. ಧೋಲಪುರದ ಕಡೆಯ ರಾಜಾಖೇಡಾದಲ್ಲಿ ಆಯುಧ ಹಿಡಿದ ಗುಂಪೊಂದು ಸಂಘದ ಮೇಲೆ ದಾಳಿಗೆ ಬಂದಿತು. ಪೊಲೀಸರು ಆರೋಪಿಗಳನ್ನು ಹಿಡಿದಾಗ, ಅವರನ್ನು ಬಿಡುವವರೆಗೆ ತಾವು ಆಹಾರ ಸ್ವೀಕರಿಸುವುದಿಲ್ಲ ಎಂದು ಮಹಾರಾಜರು ತಿಳಿಸಿದರೆಂದು ಅವರ ಚರಿತ್ರೆಕಾರರು ದಾಖಲಿಸಿದ್ದಾರೆ. ಕ್ಷಮೆಯ ಬಗ್ಗೆ ಪರ್ಯೂಷಣದಲ್ಲಿ ನಾವು ಕೇಳುವ ಮಾತು ಅಲ್ಲಿ ಆಚರಣೆಯಾಗಿ ಕಂಡಿತು.

ದೆಹಲಿಯಲ್ಲಿ ದಿಗಂಬರ ಮುನಿಗಳು ಬಹಿರಂಗವಾಗಿ ಸಂಚರಿಸುವುದಕ್ಕೆ ಅಡ್ಡಿಯ ಮಾತುಗಳಿದ್ದವು. ಮಹಾರಾಜರು ನಗರದ ಪ್ರಮುಖ ಸ್ಥಳಗಳಲ್ಲಿ ವಿಹಾರ ಮಾಡಿ, ಅಲ್ಲಲ್ಲಿ ತಮ್ಮ ಚಿತ್ರ ತೆಗೆಯಲು ಅವಕಾಶ ಕೊಟ್ಟರು. ಫೋಟೋದ ಆಸೆ ಅವರಿಗಿರಲಿಲ್ಲ. ಮುನಿಗಳು ಇಲ್ಲಿ ತಡೆಯಿಲ್ಲದೆ ನಡೆದಿದ್ದರು ಎಂಬುದಕ್ಕೆ ಮುಂದಿನವರ ಕೈಯಲ್ಲಿ ಆಧಾರವಿರಲಿ ಎಂಬುದು ಅವರ ಆಲೋಚನೆ. ಇಂದು ಯಾವ ರಾಜ್ಯದ ಹೆದ್ದಾರಿಯಲ್ಲಾದರೂ ಮುನಿಸಂಘಗಳು ವಿಹಾರ ಮಾಡುವುದನ್ನು ನೋಡುವ ನಮಗೆ ಅದು ಸಹಜ ಎನಿಸುತ್ತದೆ. ಅದನ್ನು ಸಹಜ ಮಾಡಿದವರು ಇವರು. 1937ರಲ್ಲಿ ಗಜಪಂಥದಲ್ಲಿ ಸಮಾಜ ಅವರಿಗೆ ಚಾರಿತ್ರ ಚಕ್ರವರ್ತಿ ಎಂಬ ಬಿರುದು ಅರ್ಪಿಸಿತು.

ತಾಳೆಗರಿಯಿಂದ ತಾಮ್ರಪತ್ರಕ್ಕೆ

ಎಪ್ಪತ್ತು ದಾಟಿದ ಮೇಲೆ ಅವರು ಇನ್ನೊಂದು ಕೆಲಸಕ್ಕೆ ಮನಸ್ಸು ಕೊಟ್ಟರು. ಆಚಾರ್ಯ ಧರಸೇನರಿಂದ ಕಲಿತು ಪುಷ್ಪದಂತ, ಭೂತಬಲಿ ಮುನಿಗಳು ರಚಿಸಿದ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ಬರೆದ 72,000 ಶ್ಲೋಕ ಪ್ರಮಾಣದ ಧವಲಾ ಟೀಕೆ, ಕಷಾಯಪಾಹುಡಕ್ಕಿರುವ 60,000 ಶ್ಲೋಕ ಪ್ರಮಾಣದ ಜಯಧವಲಾ ಟೀಕೆ ನಮ್ಮ ಮೂಡುಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿವೆ. ಮಹಾಧವಲಾ ಎಂದು ಕರೆಯುವ ಮಹಾಬಂಧದ ಗರಿಗಳಲ್ಲಿ ಕೆಲವು ಭಾಗ ಹುಳು ತಿಂದು ನಾಶವಾಗಿದೆ ಎಂಬ ಸಂಗತಿ 1940ರ ದಶಕದಲ್ಲಿ ಮಹಾರಾಜರಿಗೆ ತಿಳಿಯಿತು.

ಹೋದ ಅಕ್ಷರ ಮತ್ತೆ ಬರುವುದಿಲ್ಲ. ಉಳಿದದ್ದನ್ನಾದರೂ ಹುಳು ತಿನ್ನದಂತೆ ಉಳಿಸಬೇಕು ಎಂದು ಅವರು ಶ್ರಾವಕರಿಗೆ ಸೂಚಿಸಿದರು. ಹಣವನ್ನು ಮುಟ್ಟದ ಮುನಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ, ಪ್ರೇರಣೆ ಕೊಡಬಹುದು ಅಷ್ಟೆ. ಶ್ರಾವಕರು ಒಟ್ಟುಗೂಡಿ ಫಲಟಣದಲ್ಲಿ ಜಿನವಾಣಿ ಜೀರ್ಣೋದ್ಧಾರಕ ಸಂಸ್ಥೆಯನ್ನು ಕಟ್ಟಿದರು. ಸಿದ್ಧಾಂತ ಗ್ರಂಥಗಳನ್ನು ತಾಮ್ರದ ತಗಡುಗಳ ಮೇಲೆ ಕೆತ್ತಿಸಲಾಯಿತು. ವರ್ಷಗಳ ಕೆಲಸ ಅದು. ಒಂದು ತಗಡಿನ ನಂತರ ಇನ್ನೊಂದು ತಗಡು. ಯಾರಿಗೂ ಕೂಡಲೇ ಕಾಣುವ ಫಲವಿಲ್ಲ. ಆದರೂ ಅದು ಪೂರ್ತಿಯಾಯಿತು.

ವಿವಾದದ ಮೂರು ವರ್ಷ

ಮಹಾರಾಜರ ಜೀವನದಲ್ಲಿ ಇಂದಿಗೂ ಚರ್ಚೆಗೆ ಬರುವ ಒಂದು ಅಧ್ಯಾಯವಿದೆ. ಅದನ್ನು ಬಿಟ್ಟು ಹೇಳಿದರೆ ಚರಿತ್ರೆ ಪೂರ್ಣವಾಗುವುದಿಲ್ಲ. 1947ರಲ್ಲಿ ಬೊಂಬಾಯಿ ಸರ್ಕಾರ ಹರಿಜನ ದೇವಾಲಯ ಪ್ರವೇಶ ಕಾಯಿದೆ ತಂದಿತು. ಅದರಲ್ಲಿ ಹಿಂದೂ ಎಂಬ ಪದದೊಳಗೆ ಜೈನರನ್ನೂ ಸೇರಿಸಲಾಗಿತ್ತು. ಜೈನಧರ್ಮ ಸ್ವತಂತ್ರ ಧರ್ಮ, ಅದರ ದೇವಾಲಯಗಳನ್ನು ಈ ಕಾಯಿದೆಯೊಳಗೆ ತರಬಾರದು ಎಂಬುದು ಮಹಾರಾಜರ ನಿಲುವು. 1948ರ ಆಗಸ್ಟ್‌ನಿಂದ ಅವರು ಧಾನ್ಯಾಹಾರ ತ್ಯಜಿಸಿದರು. 1951ರ ಜುಲೈನಲ್ಲಿ ಬೊಂಬಾಯಿ ಹೈಕೋರ್ಟು ಜೈನರ ಪರವಾಗಿ ತೀರ್ಪು ನೀಡಿತು. ಆಗಸ್ಟ್‌ನಲ್ಲಿ, ಸುಮಾರು 1,100 ದಿನಗಳ ನಂತರ, ಅವರು ಮತ್ತೆ ಧಾನ್ಯ ಸ್ವೀಕರಿಸಿದರು.

ಈ ಹೋರಾಟದ ಬಗ್ಗೆ ಅಂದೂ ಭಿನ್ನಾಭಿಪ್ರಾಯವಿತ್ತು, ಇಂದೂ ಇದೆ. ತೀರ್ಥಂಕರರ ಸಮವಸರಣದಲ್ಲಿ ಸಕಲ ಜೀವಿಗಳಿಗೂ ಸ್ಥಾನವಿತ್ತು ಎಂದು ನಂಬುವ ಧರ್ಮ ನಮ್ಮದು. ಅಸ್ಪೃಶ್ಯತೆಯನ್ನು ದೇಶದ ಸಂವಿಧಾನ ನಿಷೇಧಿಸಿದೆ, ನಮ್ಮ ಬಸದಿಗಳ ಬಾಗಿಲಲ್ಲಿ ಅದಕ್ಕೆ ಜಾಗವಿರಬಾರದು. ಅದೇ ವೇಳೆ, ಜೈನರಿಗೆ ತಮ್ಮದೇ ಆದ ಧಾರ್ಮಿಕ ಗುರುತಿದೆ ಎಂಬ ಅವರ ಮಾತನ್ನು ಕಾಲ ಒಪ್ಪಿತು. 2014ರಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಒಂದೇ ಪ್ರಸಂಗದಲ್ಲಿ ಇವೆರಡನ್ನೂ ನೋಡುವುದು ಗುರುಭಕ್ತಿಗೆ ಕುಂದಲ್ಲ.

ಕುಂಥಲಗಿರಿ

ಎಂಬತ್ತರ ನಂತರ ಮಹಾರಾಜರ ದೃಷ್ಟಿ ಕುಂದುತ್ತ ಬಂದಿತು. ಮುನಿಗೆ ಕಣ್ಣು ಎಂದರೆ ಬರೀ ನೋಡುವ ಅನುಕೂಲವಲ್ಲ. ನಾಲ್ಕು ಮೊಳ ನೆಲ ನೋಡಿ ಹೆಜ್ಜೆ ಇಡುವ ಈರ್ಯಾ ಸಮಿತಿ, ಜೀವಜಂತು ನೋಡಿ ಆಹಾರ ಸ್ವೀಕರಿಸುವ ಏಷಣಾ ಸಮಿತಿ ಎರಡೂ ಕಣ್ಣನ್ನೇ ನಂಬಿವೆ. ಕಣ್ಣಿಲ್ಲದೆ ಅಹಿಂಸಾ ಮಹಾವ್ರತ ನಿರ್ದೋಷವಾಗಿ ನಡೆಯದು. ಇಂಥ ಪರಿಹಾರವಿಲ್ಲದ ಸ್ಥಿತಿಯಲ್ಲಿ ಮಾತ್ರ ಶಾಸ್ತ್ರ ಸಲ್ಲೇಖನಕ್ಕೆ ಅನುಮತಿ ಕೊಡುತ್ತದೆ. ಬೇಸರದಿಂದ ಬದುಕು ಮುಗಿಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕುಲಭೂಷಣ, ದೇಶಭೂಷಣ ಮುನಿಗಳು ಮುಕ್ತರಾದ ಸಿದ್ಧಕ್ಷೇತ್ರ ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಅವರು ಸಲ್ಲೇಖನ ವ್ರತ ಕೈಗೊಂಡರು. ಅದೇ ತಿಂಗಳಲ್ಲಿ, ದೂರದ ಜಯಪುರದಲ್ಲಿದ್ದ ಪ್ರಥಮ ಶಿಷ್ಯ ವೀರಸಾಗರರಿಗೆ ಆಚಾರ್ಯ ಪದವಿಯನ್ನು ಬಿಟ್ಟುಕೊಟ್ಟು ಪತ್ರದ ಮೂಲಕ ತಿಳಿಸಿದರು. ಮೂವತ್ತೊಂದು ವರ್ಷ ಹೊತ್ತ ಹೊಣೆಯನ್ನು ಹೀಗೆ ಕ್ರಮವಾಗಿ ಇಳಿಸಿಟ್ಟರು. ಮೊದಲು ಕೆಲವು ದಿನ ನೀರು ಮಾತ್ರ, ಬಳಿಕ ಅದೂ ಇಲ್ಲ.

ಸೆಪ್ಟೆಂಬರ್ 8ರಂದು, ಸಲ್ಲೇಖನದ 26ನೆಯ ದಿನ, ಅವರು ಮರಾಠಿಯಲ್ಲಿ ನೀಡಿದ ಕೊನೆಯ ಉಪದೇಶವನ್ನು ಧ್ವನಿಮುದ್ರಿಸಲಾಯಿತು. ಸಂಯಮಕ್ಕೆ ಹೆದರಬೇಡಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಆತ್ಮಚಿಂತನೆ ಮಾಡಿ ಎಂಬುದು ಅದರ ಸಾರ. ಸೆಪ್ಟೆಂಬರ್ 18ರ ಬೆಳಗ್ಗೆ, 36ನೆಯ ದಿನ, ಮಹಾರಾಜರು ಸಮಾಧಿಸ್ಥರಾದರು. ಆಗ ಅವರಿಗೆ 83 ವರ್ಷ. ಮೂವತ್ತೈದು ವರ್ಷಗಳ ಮುನಿಜೀವನದಲ್ಲಿ ಅವರು 9,938 ಉಪವಾಸ ಮಾಡಿದರೆಂದು ಸಂಘದ ಪರಂಪರೆ ಲೆಕ್ಕ ಇಟ್ಟಿದೆ.

ಅವರ ನಂತರ

ವೀರಸಾಗರರಿಂದ ಶಿವಸಾಗರರಿಗೆ, ಅವರಿಂದ ಜ್ಞಾನಸಾಗರರಿಗೆ ದೀಕ್ಷೆಯ ದಾರಿ ಮುಂದುವರಿಯಿತು. ಭೋಜದ ಸೀಮೆಯಲ್ಲೇ ಇರುವ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಬಾಲಕನೊಬ್ಬ ಚಿಕ್ಕಂದಿನಲ್ಲಿ ಶಾಂತಿಸಾಗರರ ಪ್ರವಚನ ಕೇಳಿದ್ದ. ಜ್ಞಾನಸಾಗರರಿಂದ ದೀಕ್ಷೆ ಪಡೆದ ಆ ಬಾಲಕನೇ ಮುಂದೆ ಆಚಾರ್ಯ ವಿದ್ಯಾಸಾಗರ ಮಹಾರಾಜರಾದರು. 2024ರಲ್ಲಿ ಅವರು ಸಮಾಧಿಸ್ಥರಾದಾಗ ದೇಶವೇ ಗೌರವ ಸಲ್ಲಿಸಿತು. 2018ರ ಶ್ರವಣಬೆಳಗೊಳ ಮಹಾಮಸ್ತಕಾಭಿಷೇಕಕ್ಕೆ ಸಾನ್ನಿಧ್ಯ ನೀಡಿದ ಆಚಾರ್ಯ ವರ್ಧಮಾನಸಾಗರ ಮಹಾರಾಜರೂ ಶಾಂತಿಸಾಗರರ ಪರಂಪರೆಯವರೇ. ಬೆರಳೆಣಿಕೆಗೆ ಇಳಿದಿದ್ದ ಮುನಿಗಳ ಸಂಖ್ಯೆ ಇಂದು ನೂರಾರು.

ನಮ್ಮ ಮನೆಗಳಿಗೆ

ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಶ್ರೀಫಲ ಇಟ್ಟು ನಿಯಮ ತೆಗೆದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಒಬ್ಬರು ರಾತ್ರಿ ಊಟ ಬಿಡುತ್ತಾರೆ, ಒಬ್ಬರು ಕಂದಮೂಲ, ಒಬ್ಬರು ದಿನಕ್ಕೊಂದು ಪುಟ ಸ್ವಾಧ್ಯಾಯ. ದೀಪಾವಳಿಯ ಹೊತ್ತಿಗೆ ಅವುಗಳಲ್ಲಿ ಎಷ್ಟು ಉಳಿದಿರುತ್ತವೆ ಎಂಬುದು ನಮಗೇ ಗೊತ್ತು. ಆಫೀಸು ತಡವಾಗುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ, ನೆಂಟರ ಮನೆಯಲ್ಲಿ ಮುಜುಗರವಾಗುತ್ತದೆ. ಒಂದು ದಿನ ತಪ್ಪಿದ ನಿಯಮ ನಾಚಿಕೆಯಿಂದಲೇ ಪೂರ್ತಿ ಬಿಟ್ಟುಹೋಗುತ್ತದೆ.

ಸಾತಗೌಡ ಪಾಟೀಲರಿಗೂ ಮನೆ, ಹೊಲ, ಅಂಗಡಿ, ವಯಸ್ಸಾದ ತಂದೆತಾಯಿ ಎಲ್ಲ ಇದ್ದರು. ದೊಡ್ಡ ಗುರಿಯನ್ನು ಹಿಡಿದುಕೊಂಡೇ, ಅಂದಂದಿಗೆ ಸಾಧ್ಯವಿದ್ದ ಸಣ್ಣ ನಿಯಮವನ್ನು ಅವರು ಬಿಡದೆ ನಡೆಸಿದರು. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಸೇರಿಸಿಕೊಂಡರು. ದೀಕ್ಷೆಯ ದಿನ ಬಂದಾಗ ಅದಕ್ಕೆ ಬೇಕಾದ ಮನುಷ್ಯ ಆಗಲೇ ಸಿದ್ಧನಾಗಿದ್ದ. ಗುರಿ ಅವರನ್ನು ಬೆಳೆಸಿತು, ಬೆಳೆದ ಮೇಲೆ ಗುರಿಯೂ ದೊಡ್ಡದಾಯಿತು. ಒಬ್ಬನ ಆತ್ಮಕಲ್ಯಾಣ ಒಂದು ಸಮಾಜದ ಪುನರುತ್ಥಾನವಾಯಿತು.

ಮುಂದಿನ ಸಲ ಕ್ಯಾತ್ಸಂದ್ರದ ದಾರಿಯಲ್ಲಿ ಮಂದರಗಿರಿಗೆ ಹೋದಾಗ ಗುರುಮಂದಿರದಲ್ಲಿ ಹತ್ತು ನಿಮಿಷ ಹೆಚ್ಚು ಕುಳಿತುಕೊಳ್ಳಿ. ಮನೆಯ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕ ಒಂದೇ ಒಂದು ನಿಯಮ ಆರಿಸಿಕೊಳ್ಳಲಿ. ಮಕ್ಕಳಿದ್ದರೆ ಅವರ ನಿಯಮವನ್ನು ಅವರೇ ಹೇಳಲಿ. ಅದು ಎಷ್ಟೇ ಚಿಕ್ಕದಾಗಿರಲಿ, ಮುಂದಿನ ವರ್ಷ ಅದೇ ಜಾಗಕ್ಕೆ ಬಂದಾಗ ಅದು ಉಳಿದಿದ್ದರೆ ಸಾಕು. ಎರಡನೆಯದನ್ನು ಆಗ ಯೋಚಿಸಬಹುದು.

ಆಚಾರ್ಯ ಶಾಂತಿಸಾಗರ ಮಹಾರಾಜರ ಚರಣಗಳಿಗೆ ನಮೋಸ್ತು. ಜೈ ಜಿನೇಂದ್ರ.